ಗೂಗಲ್‌ನಲ್ಲಿ ಜಾಗ ತುಂಬಿದೆ. ನನ್ನ ಫೋಟೋ ಇಟ್ಟುಕೊಳ್ಳೋಕೆ ನಾನ್ಯಾಕೆ ದುಡ್ಡು ಕೊಡಬೇಕು?

ನಿಮ್ಮ ಪ್ರಶ್ನೆ ಇಷ್ಟು: ಹಾವೇರಿಯಲ್ಲಿದ್ದೀರಿ, ಮಗಳು ಹುಟ್ಟಿದಾಗಿನಿಂದ ತೆಗೆದ ಫೋಟೋ ಎಲ್ಲಾ ಗೂಗಲ್ ಫೋಟೋಸ್‌ನಲ್ಲಿವೆ. ಈಗ ಜಾಗ ತುಂಬಿದೆ, ದುಡ್ಡು ಕಟ್ಟಿ ಅಂತ ದಿನಾ ತೋರಿಸುತ್ತಿದೆ. ಕಟ್ಟಬೇಕಾ, ಹಾರ್ಡ್ ಡಿಸ್ಕ್ ತಗೋಬೇಕಾ, ಅಷ್ಟಕ್ಕೂ ಅವು ನನ್ನ ಫೋಟೋಗಳೇ ಅಲ್ವಾ ಅಂತ ಕೇಳಿದ್ದೀರಿ.

ನಿಮ್ಮವೇ. ಅದರಲ್ಲಿ ಅನುಮಾನ ಬೇಡ. ನೀವು ಹಾಕಿದ್ದು ನಿಮ್ಮದಾಗಿಯೇ ಉಳಿಯುತ್ತದೆ ಅಂತ ಗೂಗಲ್ ತನ್ನ ನಿಯಮಗಳಲ್ಲೇ ಬರೆದುಕೊಂಡಿದೆ. ಆದರೆ ವಸ್ತು ನಿಮ್ಮದಾಗಿರುವುದು ಬೇರೆ, ಅದು ನಿಮ್ಮ ಕೈಯಲ್ಲಿರುವುದು ಬೇರೆ. ಗದಗದಲ್ಲಿ ನನ್ನದೊಂದು ಫೋಟೋ ಸ್ಟುಡಿಯೋ ಇದೆ. ಹದಿನೆಂಟು ವರ್ಷದಿಂದ ಬೇರೆಯವರ ಫೋಟೋ ಕಾಯುತ್ತಾ ಕೂತವನು ನಾನು. ಈ ಎರಡರ ನಡುವೆ ಎಷ್ಟು ಅಂತರ ಇದೆ ಅಂತ ಅಲ್ಲೇ ಕಲಿತೆ.

ಮೊದಲು ದುಡ್ಡಿನ ಮಾತು ಮುಗಿಸುತ್ತೇನೆ. ಗೂಗಲ್ ಪುಕ್ಕಟೆ ಕೊಡುವುದು 15 ಜಿಬಿ. ಅದು ಬರೀ ಫೋಟೋಗಲ್ಲ. ಜಿಮೇಲ್, ಡ್ರೈವ್, ಫೋಟೋಸ್ ಮೂರಕ್ಕೂ ಸೇರಿ ಅಷ್ಟು. ಆಂಡ್ರಾಯ್ಡ್ ಫೋನಿನ ವಾಟ್ಸಾಪ್ ಬ್ಯಾಕಪ್ ಕೂಡ ಈಗ ಅದರೊಳಗೇ ಬರುತ್ತದೆ. 2021ರ ಜೂನ್ 1ಕ್ಕೆ ಮುಂಚೆ ಗಾತ್ರ ಸ್ವಲ್ಪ ಇಳಿಸಿ ಹಾಕಿದ ಫೋಟೋಗೆ ಲೆಕ್ಕವೇ ಇರಲಿಲ್ಲ, ಎಷ್ಟು ಬೇಕಾದರೂ ಹಾಕಬಹುದಿತ್ತು. ಹಾಗೆ ಹಾಕಿದವು ಈಗಲೂ ಲೆಕ್ಕಕ್ಕಿಲ್ಲ. ಆಮೇಲೆ ಹಾಕಿದ್ದಕ್ಕೆಲ್ಲಾ ಲೆಕ್ಕ. ನಿಮಗೆ ಬಂದ ಸಿಟ್ಟು ಆಗ ನನಗೂ ಬಂದಿತ್ತು. ವರ್ಷಗಟ್ಟಲೆ ಪುಕ್ಕಟೆ ರೂಢಿ ಮಾಡಿಸಿ, ಮನೆ ಮಂದಿಯ ಫೋಟೋ ಎಲ್ಲಾ ಅಲ್ಲಿ ಸೇರಿದ ಮೇಲೆ ಬಾಡಿಗೆ ಕೇಳುವುದು ನನಗೆ ಇವತ್ತಿಗೂ ಸರಿ ಅನ್ನಿಸಿಲ್ಲ.

ಆದರೂ ಸಿಟ್ಟಿನಲ್ಲಿ ಸುಮ್ನೆ ಬಿಡಬೇಡಿ. ಜಾಗ ಪೂರ್ತಿ ತುಂಬಿದರೆ ಫೋಟೋ ಮಾತ್ರ ಅಲ್ಲ, ಜಿಮೇಲ್‌ಗೆ ಬರುವ ಮೇಲ್ ಕೂಡ ನಿಲ್ಲುತ್ತದೆ. ಬ್ಯಾಂಕಿನದು, ಮಗಳ ಶಾಲೆಯದು ಎಲ್ಲಾ. ಒಂದು ಸಂಜೆ ಕೂತು ವಾಟ್ಸಾಪ್‌ನಲ್ಲಿ ಬಂದ ವಿಡಿಯೋ, ಗುಡ್ ಮಾರ್ನಿಂಗ್ ಚಿತ್ರ, ಸ್ಕ್ರೀನ್‌ಶಾಟ್ ಅಳಿಸಿ. ನನ್ನ ಗಿರಾಕಿಗಳ ಫೋನಿನಲ್ಲಿ ನಾನು ನೋಡಿದ ಮಟ್ಟಿಗೆ ಜಾಗ ತಿನ್ನುವುದು ಮಕ್ಕಳ ಫೋಟೋ ಅಲ್ಲ, ಇವೇ. ಅಷ್ಟಾದ ಮೇಲೂ ಸಾಲದಿದ್ದರೆ ಸಣ್ಣ ಪ್ಲಾನ್‌ಗೆ ದುಡ್ಡು ಕಟ್ಟಿ, ತಪ್ಪಿಲ್ಲ. ಆದರೆ ದುಡ್ಡು ಕಟ್ಟಿದರೂ ಕಟ್ಟದಿದ್ದರೂ ಒಂದು ಪ್ರತಿ ಮನೆಯಲ್ಲಿ ಇರಲೇಬೇಕು. ಇದನ್ನ ಇಷ್ಟು ಗಟ್ಟಿಯಾಗಿ ಹೇಳಲು ಕಾರಣ ಇದೆ.

ಅಂಗಡಿ ಶುರುಮಾಡಿ ಐದಾರು ವರ್ಷ ಆಗಿತ್ತು. ಬೆಟಗೇರಿಯ ಒಂದು ನೇಕಾರರ ಮನೆಯ ಲಗ್ನ. ಎರಡು ದಿನ ಫೋಟೋ ತೆಗೆದೆ. ಆಲ್ಬಮ್‌ಗೆ ಯಾವ ಫೋಟೋ ಬೇಕು ಅಂತ ಆರಿಸಲು ಅವರು ತಡ ಮಾಡಿದರು, ಎಲ್ಲರೂ ಮಾಡುತ್ತಾರೆ. ಅಷ್ಟರಲ್ಲಿ ಹುಡುಗಿಯ ಅಜ್ಜ ತೀರಿಕೊಂಡರು. ಮನೆಯವರು ಬಂದು, ಅಕ್ಕಿಕಾಳು ಹಾಕುವಾಗ ಅಜ್ಜ ನಗುತ್ತಿದ್ದ ಫೋಟೋ ಒಂದಿದೆ, ಅದನ್ನೇ ದೊಡ್ಡದು ಮಾಡಿಕೊಡಿ ಅಂದರು. ಡಿಸ್ಕ್ ಹಚ್ಚಿದೆ. ಟಿಕ್, ಟಿಕ್, ಟಿಕ್ ಅಂತ ಸದ್ದು. ಫೋಲ್ಡರ್ ತೆರೆಯಲೇ ಇಲ್ಲ. ಬೆಂಗಳೂರಿಗೆ ರಿಕವರಿಗೆ ಕಳಿಸಿದೆ. ಒಳಗಿನ ತಟ್ಟೆಗೇ ಗೀರು ಬಿದ್ದಿದೆ, ಏನೂ ಬರುವುದಿಲ್ಲ ಅಂತ ವಾಪಸ್ ಬಂತು. ಕ್ಯಾಮೆರಾದ ಕಾರ್ಡ್‌ನಲ್ಲಿ ಹನ್ನೊಂದು ಫೋಟೋ ಉಳಿದಿದ್ದವು. ಒಂದರಲ್ಲೂ ಅಜ್ಜ ಇರಲಿಲ್ಲ. ಆ ಮನೆಯವರು ನನಗೆ ಒಂದು ಮಾತೂ ಬೈಯಲಿಲ್ಲ. ಅಜ್ಜಿ ಮಾತ್ರ, "ಇರ್ಲಿ ಬಿಡಪಾ, ನಮ್ಮ ಕಣ್ಣಾಗ ಐತಿ" ಅಂದರು. ಬೈದಿದ್ದರೆ ಇಷ್ಟು ವರ್ಷ ನೆನಪಿರುತ್ತಿರಲಿಲ್ಲವೇನೋ.

ಅಲ್ಲಿಯವರೆಗೆ ನಾನು ತೆಗೆದ ಫೋಟೋ ನನ್ನದು ಅಂತಲೇ ತಿಳಿದಿದ್ದೆ. ಆಮೇಲೆ ವಕೀಲರಾಗಿರುವ ಗಿರಾಕಿ ಒಬ್ಬರು ತಿಳಿಸಿ ಹೇಳಿದರು. 1957ರ ಕಾಪಿರೈಟ್ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ, ದುಡ್ಡು ಕೊಟ್ಟು ಫೋಟೋ ತೆಗೆಸಿದರೆ, ಬೇರೆ ಕರಾರು ಇಲ್ಲದಿದ್ದರೆ, ಅದರ ಮೊದಲ ಒಡೆಯರು ತೆಗೆಸಿದವರೇ. ತೆಗೆದವನಲ್ಲ. ಅಂದರೆ ಅಜ್ಜನ ಫೋಟೋ ಕಾನೂನಿನ ಪ್ರಕಾರ ಪೂರ್ತಿ ಆ ಮನೆಯದು. ಏನು ಉಪಯೋಗ ಆಯಿತು ಹೇಳಿ? ಹಕ್ಕು ಬೆಟಗೇರಿಯಲ್ಲಿತ್ತು, ಡಿಸ್ಕ್ ನನ್ನ ಟೇಬಲ್ ಮೇಲಿತ್ತು. ನಿಮ್ಮ ಮಗಳ ಫೋಟೋಗಳೂ ಈಗ ಹಾಗೇ ಇವೆ. ಗೂಗಲ್ ನನಗಿಂತ ಸಾವಿರ ಪಟ್ಟು ಚೆನ್ನಾಗಿ ಕಾಯುತ್ತದೆ, ಒಪ್ಪುತ್ತೇನೆ. ಆದರೆ ಎರಡು ವರ್ಷ ಯಾರೂ ಬಳಸದ ಖಾತೆಯನ್ನು ಅಳಿಸಬಹುದು ಅನ್ನುವುದು ಅವರ ಈಗಿನ ನಿಯಮ. ಪಾಸ್‌ವರ್ಡ್ ಮರೆತು, ಹಳೆ ಸಿಮ್ ಕಳೆದು, ಸ್ವಂತ ಖಾತೆಗೆ ಹೋಗಲಾಗದೆ ನನ್ನ ಮುಂದೆ ಕೂತು ಅತ್ತವರನ್ನು ನೋಡಿದ್ದೇನೆ.

ಈಗ ನೀವು ಮಾಡಬೇಕಾದ್ದು. ಕಂಪ್ಯೂಟರ್‌ನಲ್ಲಿ ಗೂಗಲ್ ಟೇಕ್‌ಔಟ್ ತೆರೆಯಿರಿ. ಗೂಗಲ್‌ನಲ್ಲಿರುವ ನಿಮ್ಮದನ್ನೆಲ್ಲಾ ಒಟ್ಟಿಗೆ ಇಳಿಸಿಕೊಳ್ಳಲು ಅವರೇ ಕೊಟ್ಟಿರುವ ಪುಟ ಅದು. ಎಲ್ಲಾ ಟಿಕ್ ತೆಗೆದು ಫೋಟೋಸ್ ಒಂದನ್ನೇ ಇಡಿ. ಕೇಳಿದ ಕೂಡಲೇ ಬರುವುದಿಲ್ಲ, ಸಿದ್ಧವಾದ ಮೇಲೆ ಮೇಲ್ ಬರುತ್ತದೆ. ಆ ಲಿಂಕ್ ಒಂದು ವಾರದಲ್ಲಿ ಮುಗಿದುಹೋಗುತ್ತದೆ, ಅಷ್ಟರೊಳಗೆ ಇಳಿಸಿಕೊಳ್ಳಿ. ಫೋಟೋ ಜೊತೆ ಜೇಸನ್ ಅನ್ನುವ ಸಣ್ಣ ಫೈಲುಗಳು ರಾಶಿ ಬರುತ್ತವೆ. ಕಸ ಅಂತ ಅಳಿಸಬೇಡಿ. ತಾರೀಖು, ನೀವು ಬರೆದ ವಿವರ ಅದರಲ್ಲಿರುತ್ತದೆ. ಇಳಿಸಿದ್ದನ್ನು ಡಿಸ್ಕ್‌ಗೆ ಹಾಕಿದ ಮೇಲೆ ಅಲ್ಲಲ್ಲಿ ಹತ್ತಿಪ್ಪತ್ತು ಫೋಟೋ, ನಾಲ್ಕು ವಿಡಿಯೋ ತೆರೆದು ನೋಡಿ. ತೆರೆದು ನೋಡದ ಬ್ಯಾಕಪ್ ಅನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಅಲ್ಲಿಯವರೆಗೆ, ಮೊದಲು ಹೇಳಿದ ಕಸ ಬಿಟ್ಟು, ಗೂಗಲ್‌ನಿಂದ ಬೇರೆ ಏನನ್ನೂ ಅಳಿಸಬೇಡಿ.

ಡಿಸ್ಕ್ ವಿಷಯ. ಮನೆಗೆ 1 ಟಿಬಿ ಸಾಕು. ಕಂಪ್ಯೂಟರ್‌ನಲ್ಲಿ 931 ಜಿಬಿ ಅಂತ ತೋರಿಸುತ್ತದೆ, ಮೋಸ ಹೋದೆವು ಅಂತ ಗಾಬರಿ ಆಗಬೇಡಿ. ತಯಾರಿಸುವವರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ ಎಣಿಸುತ್ತದೆ, ಅಷ್ಟೇ. ಐನೂರು ರೂಪಾಯಿಗೆ 2 ಟಿಬಿ ಪೆನ್ ಡ್ರೈವ್ ಅಂತ ಆನ್‌ಲೈನ್‌ನಲ್ಲಿ ಬರುತ್ತವಲ್ಲ, ಅದರ ಹತ್ತಿರ ಹೋಗಬೇಡಿ. ಒಳಗೆ ಇರುವುದು ಸಣ್ಣ ಚಿಪ್. ತುಂಬಿದ ಮೇಲೂ ಫೈಲಿನ ಹೆಸರು ಕಾಣುತ್ತಿರುತ್ತದೆ, ಫೋಟೋ ಮಾತ್ರ ಇರುವುದಿಲ್ಲ. ಮಾಮೂಲಿ ಹಾರ್ಡ್ ಡಿಸ್ಕ್ ಬಿದ್ದರೆ ಕೆಡುತ್ತದೆ, ಓಡುವಾಗ ಅಲ್ಲಾಡಿಸಿದರೂ ಕೆಡಬಹುದು. ಎಸ್‌ಎಸ್‌ಡಿ, ಅಂದರೆ ತಿರುಗುವ ತಟ್ಟೆ ಬದಲು ಚಿಪ್ ಇರುವ ಡಿಸ್ಕ್, ಏಟು ತಡೆಯುತ್ತದೆ, ಆದರೆ ವರ್ಷಗಟ್ಟಲೆ ಕರೆಂಟ್ ಕಾಣದೆ ಕಪಾಟಿನಲ್ಲಿ ಇಡುವಂಥದ್ದಲ್ಲ. ನಾನು ಎರಡು ಹಾರ್ಡ್ ಡಿಸ್ಕ್ ಇಡುತ್ತೇನೆ. ಒಂದು ಅಂಗಡಿಯ ಕಪಾಟಿನಲ್ಲಿ, ಇನ್ನೊಂದು ಹುಬ್ಬಳ್ಳಿಯಲ್ಲಿರುವ ಅಕ್ಕನ ಮನೆಯಲ್ಲಿ. ಯುಗಾದಿಗೊಮ್ಮೆ, ದೀಪಾವಳಿಗೊಮ್ಮೆ ಎರಡನ್ನೂ ಹಚ್ಚಿ ನೋಡುತ್ತೇನೆ. ನಿಮ್ಮ ತವರುಮನೆಯೋ ತಂಗಿಯ ಮನೆಯೋ ಇರುತ್ತದಲ್ಲ, ಒಂದು ಅಲ್ಲಿರಲಿ. ಮದುವೆಯ ಸಿಡಿ ಇದ್ದರೆ ಈ ತಿಂಗಳೇ ಕಾಪಿ ಮಾಡಿಕೊಳ್ಳಿ. ನಾನು 2009ರಲ್ಲಿ ಕೊಟ್ಟ ಸಿಡಿಗಳು ಈಗ ವಾಪಸ್ ಬರುತ್ತಿವೆ, ಸುಮಾರು ಓದುವುದಿಲ್ಲ. ಓದುವ ಡ್ರೈವ್ ಕೂಡ ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಇಲ್ಲ.

ಇನ್ನೊಂದು ವಿಷಯ ನೀವು ಕೇಳಿಲ್ಲ. ಆದರೂ ಹೇಳದೆ ಇರಲಾರೆ.

ಹೋದ ಶ್ರಾವಣದಲ್ಲಿ ರಾತ್ರಿ ಬಾಗಿಲು ಹಾಕುವ ಹೊತ್ತಿಗೆ ಒಬ್ಬ ಹುಡುಗ ಬಂದ. ಮುಂಡರಗಿ ಕಡೆಯವನು. ಅವತ್ತೇ ಅವನ ತಾಯಿ ತೀರಿಕೊಂಡಿದ್ದರು. ಅಂಗಿ ಕಿಸೆಯಿಂದ ಆಧಾರ್ ಕಾರ್ಡ್ ತೆಗೆದು, "ಇದೊಂದ ಐತ್ರಿ ಅಣ್ಣಾರ. ಇದರಾಗಿಂದ ದೊಡ್ಡದ ತೆಗದ ಕೊಡ್ರಿ" ಅಂದ. ಕಾರ್ಡ್ ಮಡಚಿ ಮಡಚಿ ತಾಯಿಯ ಹಣೆ ಮೇಲೆ ಬಿಳಿ ಗೆರೆ ಬಿದ್ದಿತ್ತು. ಉಗುರಿನಷ್ಟು ಮುಖ. ಬೇರೆ ಇಲ್ವಾ ಅಂತ ಕೇಳಿದೆ. ಇನ್ನೊಂದು ಕೈಯಲ್ಲಿದ್ದ ಫೋನ್ ತೋರಿಸಿದ. ಅವ್ವನದು. ಜಾತ್ರೆಯದು, ತಂಗಿಯ ಸೀಮಂತದ್ದು ಎಲ್ಲಾ ಅದರಲ್ಲಿವೆಯಂತೆ. ಪ್ಯಾಟರ್ನ್ ಯಾರಿಗೂ ಗೊತ್ತಿಲ್ಲ. ಯಾವುದೋ ಅಂಗಡಿಯವರು ಐನೂರು ರೂಪಾಯಿಗೆ ಲಾಕ್ ತೆಗೆದುಕೊಡುತ್ತೇವೆ ಅಂದಿದ್ದರಂತೆ. ಕೊಡಬೇಡ ಅಂದೆ. ಈಗಿನ ಫೋನಿನಲ್ಲಿ ಒಳಗಿರುವುದೆಲ್ಲಾ ಗುಪ್ತಲಿಪಿಯಲ್ಲಿ ಇರುತ್ತದೆ. ಅಂಥ ಕಡೆ ಲಾಕ್ ತೆಗೆಯುವುದು ಅಂದರೆ ಫೋನನ್ನು ರಿಸೆಟ್ ಮಾಡುವುದು. ಲಾಕ್ ಹೋಗುತ್ತದೆ, ಅವ್ವನ ಫೋಟೋನೂ ಹೋಗುತ್ತದೆ. ಕಾರ್ಡ್ ಸ್ಕ್ಯಾನ್ ಮಾಡಿ, ಹಣೆಯ ಗೆರೆ ತೆಗೆದು, ನನ್ನ ಕೈಲಾದಷ್ಟು ಮಾಡಿ ರಾತ್ರಿ ಹನ್ನೊಂದಕ್ಕೆ ಫ್ರೇಮ್ ಹಾಕಿಕೊಟ್ಟೆ. ಅದು ಅವರ ಮುಖವೇ, ಆದರೆ ಆಧಾರ್ ಸೆಂಟರ್‌ನ ಕ್ಯಾಮೆರಾ ಮುಂದೆ ಕೂತಾಗಿನ ಮುಖ. ಮನೆಯಲ್ಲಿ ಆಕೆ ಹಾಗೆ ಇದ್ದಿರಲಿಕ್ಕಿಲ್ಲ.

ಆ ಫೋನಿನ ಬೀಗ ಆ ತಾಯಿಯ ಹಕ್ಕನ್ನು ಕಾಯಲು ಇರುವುದು, ಅದು ಬೇಕೇ ಬೇಕು. ಕೀಲಿ ಎಲ್ಲಿದೆ ಅಂತ ಒಬ್ಬರಿಗಾದರೂ ಗೊತ್ತಿರಬೇಕಿತ್ತು. ಗೂಗಲ್ ಖಾತೆಯ ಸೆಟ್ಟಿಂಗ್‌ನಲ್ಲಿ ಇದಕ್ಕೆ ಒಂದು ವ್ಯವಸ್ಥೆ ಇದೆ. ಇಷ್ಟು ತಿಂಗಳು ನಾನು ಖಾತೆ ಬಳಸದಿದ್ದರೆ ಇವರಿಗೆ ತಿಳಿಸಿ, ಇಂತಿಂಥದ್ದು ಕೊಡಿ ಅಂತ ಹತ್ತು ಜನರ ತನಕ ಹೆಸರು ಕೊಡಬಹುದು. ಆಪಲ್‌ನಲ್ಲೂ 2021ರ ಕೊನೆಯಿಂದ ಇಂಥದ್ದೇ ಇದೆ. ಬ್ಯಾಂಕಿನಲ್ಲಿ ನಾಮಿನಿ ಬರೆಯುತ್ತೀರಲ್ಲ, ಹಾಗೇ. ನಮ್ಮ 2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆಯಲ್ಲೂ ನಾಮಿನಿ ಮಾಡುವ ಹಕ್ಕು ಬರೆದಿದೆ. ನನ್ನ ಬಗ್ಗೆ ಏನು ಇಟ್ಟಿದ್ದೀರಿ ಅಂತ ಕೇಳುವ ಹಕ್ಕು, ತಿದ್ದಿಸುವ, ಅಳಿಸಿಸುವ ಹಕ್ಕೂ ಇದೆ. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಬಂದವು. ಮುಖ್ಯ ಭಾಗಗಳಿಗೆ 18 ತಿಂಗಳ ಗಡುವು ಕೊಟ್ಟಿದ್ದಾರೆ, ಹಾಗಾಗಿ ಪೂರ್ತಿ ಜಾರಿ 2027ರಲ್ಲಿ.

ಇದೆಲ್ಲಾ ತಾನಾಗಿ ಬಂದದ್ದಲ್ಲ. ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಹೇಳಿತು. ಆ ಕೇಸ್ ಹಾಕಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 2012ರಲ್ಲಿ ಕೋರ್ಟಿಗೆ ಹೋದಾಗ ಅವರ ವಯಸ್ಸು 85 ದಾಟಿತ್ತು. ಅವರನ್ನು ನೆನೆದರೆ ನನಗೆ ಈಗಲೂ ಹೆಮ್ಮೆ.

ಆ ತೀರ್ಪು ನನ್ನಂಥ ಅಂಗಡಿಯವನಿಗೂ ತಾಗುತ್ತದೆ. ನಾನು ಪ್ರಿಂಟ್, ಲ್ಯಾಮಿನೇಷನ್ ಕೂಡ ಮಾಡುತ್ತೇನೆ. ಜನ ಆಧಾರ್ ಪಿಡಿಎಫ್ ವಾಟ್ಸಾಪ್ ಮಾಡುತ್ತಾರೆ, ಪಾಸ್‌ವರ್ಡನ್ನು ಎಲ್ಲರ ಮುಂದೆ ಕೂಗಿ ಹೇಳುತ್ತಾರೆ. ಒಂದು ದಿನ ಅಂಗಡಿ ಕಂಪ್ಯೂಟರ್‌ನ ಡೌನ್‌ಲೋಡ್ಸ್ ತೆರೆದು ನೋಡಿ ನನಗೇ ಎದೆ ಝಲ್ ಅಂತು. ನೂರಾರು ಜನರ ಆಧಾರ್, ಪ್ಯಾನ್, ಪಾಸ್‌ಬುಕ್ಕಿನ ಮೊದಲ ಪುಟ. ಯಾರೂ ಅಳಿಸಿ ಅಂದಿರಲಿಲ್ಲ, ನಾನೂ ಅಳಿಸಿರಲಿಲ್ಲ. ಈಗ ಪ್ರಿಂಟ್ ತೆಗೆದ ಮೇಲೆ ಗಿರಾಕಿ ಎದುರಿಗೇ ಅಳಿಸಿ, ರೀಸೈಕಲ್ ಬಿನ್ ಕೂಡ ಖಾಲಿ ಮಾಡುತ್ತೇನೆ. ನೀವೂ ಎಲ್ಲೇ ಪ್ರಿಂಟ್ ತೆಗೆಸಿದರೂ "ಡಿಲೀಟ್ ಮಾಡ್ರಿ" ಅಂತ ನಿಂತು ಹೇಳಿ. ಸಂಕೋಚ ಬೇಡ. ಆಧಾರ್‌ನಲ್ಲಿ ಮಾಸ್ಕ್ಡ್ ಪ್ರತಿ ಅಂತ ಸಿಗುತ್ತದೆ, ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುತ್ತವೆ. ಲಾಡ್ಜು, ಕೊರಿಯರ್‌ನಂಥ ಕಡೆ ಅದನ್ನೇ ಕೊಡಿ.

ಹಿಂದೆ ಒಬ್ಬಳು ಹುಡುಗಿ ಬಂದು, "ಅಣ್ಣಾರ, ನನ್ನ ಫೋಟೋ ಹೊರಗ ಹಚ್ಚೀರಲ್ಲ, ನನ್ನ ಕೇಳಿದ್ರೇನು?" ಅಂದಿದ್ದಳು. ಶೋಕೇಸಿನಲ್ಲಿ ಅವಳ ಫೋಟೋ ಚೆನ್ನಾಗಿ ಬಂದಿದೆ ಅಂತ ಹಾಕಿದ್ದೆ. ಕೇಳಿರಲಿಲ್ಲ. ಅವತ್ತೇ ತೆಗೆದೆ. ಈಗ ಬುಕಿಂಗ್ ರಸೀದಿಯಲ್ಲೇ ಒಂದು ಸಾಲು ಬರೆಸಿದ್ದೇನೆ: ಫೋಟೋ ಹೊರಗೆ ತೋರಿಸಬಹುದಾ, ಹೌದು ಅಥವಾ ಇಲ್ಲ. ಸುಮಾರು ಜನ ಇಲ್ಲ ಅಂತಲೇ ಗುರುತು ಮಾಡುತ್ತಾರೆ.

ನಿಮ್ಮ ವಿಷಯಕ್ಕೆ ಬರುತ್ತೇನೆ. ಈ ಭಾನುವಾರ ಟೇಕ್‌ಔಟ್‌ಗೆ ಕೇಳಿಬಿಡಿ. ಒಟ್ಟು ಎಷ್ಟು ಜಿಬಿ ಬಂತು, ನಿಮ್ಮದು ಯಾವ ಕಂಪ್ಯೂಟರ್ ಅಂತ ಇಲ್ಲೇ ಕೆಳಗೆ ಬರೆಯಿರಿ. ಎಂಥ ಡಿಸ್ಕ್ ತಗೋಬೇಕು ಅಂತ ನೋಡಿ ಹೇಳುತ್ತೇನೆ. ಮಗಳ ಮೊದಲ ವರ್ಷದ್ದು ಒಂದಿಪ್ಪತ್ತು ಫೋಟೋ ಆರಿಸಿ ಪ್ರಿಂಟ್ ಕೂಡ ಹಾಕಿಸಿ. ನನ್ನ ಹತ್ತಿರವೇ ಬರಬೇಕಾಗಿಲ್ಲ, ಹಾವೇರಿಯಲ್ಲೇ ಹಾಕಿಸಿ. ಹಿಂದೆ ಪೆನ್ಸಿಲ್‌ನಲ್ಲಿ ತಾರೀಖು, ಜೊತೆಗಿರುವವರ ಹೆಸರು ಬರೆದಿಡಿ.