ಓದುಗರ ಪ್ರಶ್ನೆ: ಬಣ್ಣ ನೋಡಿ ದ್ರಾಕ್ಷಿಯ ವಿಷ ಹೇಳಬಹುದಾ?

ಪ್ರಶ್ನೆ: ಹಣ್ಣಿನಲ್ಲಿ ಕೀಟನಾಶಕ ಉಳಿದಿದೆಯಾ ಅಂತ ಚಿನ್ನದ ನ್ಯಾನೋ ಕಣಗಳಿಂದ ಬೇಗ ತಿಳಿಯಬಹುದಂತೆ. ಹೇಗೆ? ಅಂಥದ್ದೊಂದು ಮನೆಯಲ್ಲಿದ್ದರೆ ಮಕ್ಕಳಿಗೆ ಧೈರ್ಯವಾಗಿ ದ್ರಾಕ್ಷಿ ಕೊಡಬಹುದಾ?
– ಗೃಹಿಣಿ, ಬೆಂಗಳೂರು

ಉತ್ತರ: ತಿಳಿಯಬಹುದು, ನಿಜ. ಆದರೆ ಅದೊಂದನ್ನೇ ನಂಬಬೇಡಿ.

ಚಿನ್ನವನ್ನು ಹತ್ತು ಹದಿನೈದು ನ್ಯಾನೋಮೀಟರಿನ, ಅಂದರೆ ಮಿಲಿಮೀಟರಿನ ಲಕ್ಷದಲ್ಲೊಂದು ಪಾಲಿನಷ್ಟು ಸಣ್ಣ ಕಣ ಮಾಡಿ ನೀರಲ್ಲಿ ತೇಲಿಬಿಟ್ಟರೆ ಅದು ಹಳದಿ ಕಾಣುವುದಿಲ್ಲ, ದಾಳಿಂಬೆ ರಸದ ಹಾಗೆ ಕೆಂಪಗಿರುತ್ತದೆ. ಕಣಗಳು ಒಂದಕ್ಕೊಂದು ಅಂಟಿಕೊಂಡರೆ ನೀಲಿಗೆ ತಿರುಗುತ್ತದೆ. ಪರೀಕ್ಷೆ ನಿಂತಿರುವುದೇ ಇದರ ಮೇಲೆ.

ನಮ್ಮ ನರಗಳಲ್ಲಿ ಅಸಿಟೈಲ್‌ಕೋಲಿನೆಸ್ಟರೇಸ್ ಅನ್ನುವ ಕಿಣ್ವ ಇದೆ. ಹುಳುಗಳಲ್ಲೂ ಇದೆ. ಆರ್ಗನೋಫಾಸ್ಫೇಟ್ ಮತ್ತು ಕಾರ್ಬಮೇಟ್ ಜಾತಿಯ ಕೀಟನಾಶಕಗಳು ಅದರ ಕೈಕಾಲು ಕಟ್ಟಿ ಹುಳುವನ್ನು ಕೊಲ್ಲುತ್ತವೆ. 2013ರಲ್ಲಿ ಬಿಹಾರದ ಶಾಲೆಯೊಂದರಲ್ಲಿ ಬಿಸಿಯೂಟ ಉಂಡು 23 ಮಕ್ಕಳು ಸತ್ತರಲ್ಲ, ಆ ಅಡುಗೆಯಲ್ಲಿ ಸೇರಿದ್ದ ಮಾನೋಕ್ರೋಟೋಫಾಸ್ ಕೂಡ ಇದೇ ಜಾತಿಯದು. ಪರೀಕ್ಷೆಯಲ್ಲಿ ಆ ಕಿಣ್ವಕ್ಕೆ ಹಣ್ಣಿನಿಂದ ತೆಗೆದ ರಸ ಸೇರಿಸಿ, ಆಮೇಲೆ ಅಸಿಟೈಲ್‌ಥಯೋಕೋಲಿನ್ ಎಂಬ ರಾಸಾಯನಿಕವನ್ನೂ ಚಿನ್ನದ ಕಣಗಳ ಕೆಂಪು ನೀರನ್ನೂ ಹಾಕುತ್ತಾರೆ. ಕಿಣ್ವ ಚೆನ್ನಾಗಿದ್ದರೆ ಅದನ್ನು ಒಡೆಯುತ್ತದೆ, ಒಡೆದು ಬಂದ ಗಂಧಕವಿರುವ ತುಣುಕು ಚಿನ್ನದ ಕಣಗಳನ್ನು ಗುಂಪು ಮಾಡುತ್ತದೆ, ನೀರು ನೀಲಿಯಾಗುತ್ತದೆ. ವಿಷ ಇದ್ದರೆ ಕಿಣ್ವ ಕೆಲಸವನ್ನೇ ಮಾಡುವುದಿಲ್ಲ. ಕೆಂಪು ಕೆಂಪಾಗೇ ಉಳಿಯುತ್ತದೆ.

ತೊಂದರೆ ಏನು ಅಂದರೆ, ಇದು ಹಿಡಿಯುವುದು ಆ ಎರಡು ಜಾತಿಯನ್ನು ಮಾತ್ರ. ಇಮಿಡಾಕ್ಲೋಪ್ರಿಡ್ ಎಂಬ ಬೇರೆ ಜಾತಿಯ ಕೀಟನಾಶಕ ಈ ಕಿಣ್ವದ ತಂಟೆಗೇ ಹೋಗುವುದಿಲ್ಲ. ದ್ರಾಕ್ಷಿಗೆ ಬೂದಿ ರೋಗ ಬರದಂತೆ ಹೊಡೆಯುವ ಶಿಲೀಂಧ್ರನಾಶಕಗಳೂ ಹೆಚ್ಚಿನವು ಅಷ್ಟೇ. ಹಾಗಾಗಿ ನೀಲಿ ಬಂತು ಅಂದರೆ ಹಣ್ಣು ಶುದ್ಧ ಅಂತಲ್ಲ. ತದ್ವಿರುದ್ಧ ಪೇಚಾಟವೂ ಇದೆ: ಈರುಳ್ಳಿ, ಬೆಳ್ಳುಳ್ಳಿ, ಮೂಲಂಗಿ, ಕೊತ್ತಂಬರಿ ಸೊಪ್ಪಿನ ರಸವೇ ಕಿಣ್ವವನ್ನು ಕೆಡಿಸಿ, ಇಲ್ಲದ ವಿಷ ಇದೆ ಅಂತ ತೋರಿಸಬಹುದು. ನನ್ನನ್ನು ಕೇಳಿದರೆ ಇದರ ಜಾಗ ಅಡುಗೆಮನೆಯಲ್ಲ, ಮಂಡಿ. ಬೆಳಗಿನ ಜಾವ ಲಾರಿ ಇಳಿಯುವ ಹೊತ್ತಿಗೇ ಅನುಮಾನದ ಮಾಲನ್ನು ಬೇರೆ ಇಟ್ಟು ಲ್ಯಾಬಿಗೆ ಕಳಿಸಬೇಕು. ತೈವಾನಿನಲ್ಲಿ 1980ರ ದಶಕದಲ್ಲೇ, ನ್ಯಾನೋ ಇಲ್ಲದೆ ಬರೀ ಕಿಣ್ವದಿಂದ ಇಂಥ ತ್ವರಿತ ಪರೀಕ್ಷೆ ಶುರುವಾಯಿತು. ನಮ್ಮ ಎಪಿಎಂಸಿಗಳಲ್ಲಿ ಯಾಕಾಗಬಾರದು?

ಪ್ರಶ್ನೆ: ಲ್ಯಾಬ್ ಇರುವಾಗ ಇದೆಲ್ಲ ಯಾಕೆ? ನ್ಯಾನೋ ಅಂದರೆ ಸುಮ್ನೆ ದೊಡ್ಡ ಹೆಸರು ಅಲ್ವಾ?
– ಬಿ.ಎಸ್ಸಿ. ವಿದ್ಯಾರ್ಥಿ, ಧಾರವಾಡ

ಉತ್ತರ: ಲ್ಯಾಬಿನ ಮಾಸ್ ಸ್ಪೆಕ್ಟ್ರೋಮೀಟರ್ ನೂರಾರು ಕೀಟನಾಶಕಗಳನ್ನು ಹೆಸರು ಹಿಡಿದು ಹೇಳುತ್ತದೆ, ಸರಿ. ಆದರೆ ಯಂತ್ರ ದುಬಾರಿ, ವರದಿ ಕೈಗೆ ಬರುವಷ್ಟರಲ್ಲಿ ಸೊಪ್ಪು ಮಾರಿ, ತಿಂದೂ ಆಗಿರುತ್ತದೆ. ಇನ್ನು ನ್ಯಾನೋ ಸುಮ್ನೆ ಹೆಸರಲ್ಲ. ಕಣ ಸಣ್ಣದಾದಷ್ಟೂ ಒಟ್ಟು ಮೈ ಜಾಸ್ತಿ, ಅದರ ಮೇಲೆ ಜಾಸ್ತಿ ಕಿಣ್ವ ಕೂರಿಸಬಹುದು, ಪರೀಕ್ಷೆ ಕೊಡುವ ಸಂಕೇತವೂ ಜೋರಾಗುತ್ತದೆ. ಪ್ರತ್ಯೇಕ ಮಿತಿ ಗೊತ್ತುಮಾಡದ ಕೀಟನಾಶಕ ಹಣ್ಣು ತರಕಾರಿಯಲ್ಲಿ ಉಳಿಯಬಹುದಾದ ಸಾಮಾನ್ಯ ಮಿತಿ ನಮ್ಮಲ್ಲಿ ಕಿಲೋಗೆ 0.01 ಮಿಲಿಗ್ರಾಂ. ಅಷ್ಟು ಕಡಿಮೆಯನ್ನು ಹಿಡಿಯಲು ಈ ಸೂಕ್ಷ್ಮತೆ ಬೇಕೇ ಬೇಕು.

ಪ್ರಶ್ನೆ: ಸದ್ಯಕ್ಕೆ ಮನೆಯಲ್ಲಿ ಏನು ಮಾಡೋಣ?
– ಓದುಗರು, ಕೋಲಾರ

ಉತ್ತರ: ಲೀಟರ್ ನೀರಿಗೆ ಎರಡು ಟೀ ಚಮಚ ಅಡುಗೆ ಸೋಡಾ ಹಾಕಿ ಹದಿನೈದು ನಿಮಿಷ ನೆನೆಸಿ, ಚೆನ್ನಾಗಿ ತೊಳೆಯಿರಿ. 2017ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಸೇಬಿನ ಮೇಲೆ ಮಾಡಿದ ಪ್ರಯೋಗದಲ್ಲಿ ಇದು ಬರೀ ನೀರಿಗಿಂತ ಚೆನ್ನಾಗಿ ಕೆಲಸ ಮಾಡಿತು. ಸಿಪ್ಪೆಯೊಳಗೆ ಇಳಿದದ್ದು ಮಾತ್ರ ಹೋಗಲಿಲ್ಲ. ನೀವೇ ಬೆಳೆಗಾರರಾಗಿದ್ದರೆ ಡಬ್ಬಿಯ ಮೇಲೆ ಸಿಂಪಡಣೆಗೂ ಕೊಯ್ಲಿಗೂ ನಡುವೆ ಎಷ್ಟು ದಿನ ಬಿಡಬೇಕು ಅಂತ ಬರೆದಿರುತ್ತದೆ, ರೇಟು ಚೆನ್ನಾಗಿದೆ ಅಂತ ಅದಕ್ಕಿಂತ ಮುಂಚೆ ದಯವಿಟ್ಟು ಕೀಳಬೇಡಿ.