ಭಾವನವರ ಡೈರಿ, ಪ್ರೊಫೆಸರರ ಲೆಕ್ಕ

ಮನೆ ಬೆಲೆಗಳ ಬಗ್ಗೆ ವಿಶ್ವವಿದ್ಯಾಲಯಗಳಲ್ಲಿ ನಡೆಯುವ ಸಂಶೋಧನೆ ಕುರಿತು ಹಿಂದಿನ ಸಂಚಿಕೆಯಲ್ಲಿ ಒಂದು ಲೇಖನ ಹಾಕಿದ್ದೆವು. ಅದನ್ನು ಓದಿದ ಒಬ್ಬರು ಸ್ವಲ್ಪ ಸಿಟ್ಟಿನಿಂದಲೇ ಬರೆದಿದ್ದಾರೆ: "ನನ್ನ ಭಾವ ಮೂವತ್ತು ವರ್ಷದಿಂದ ಬ್ರೋಕರ್. ಬೀದಿಗೆ ಕಾಲಿಟ್ಟರೆ ಸಾಕು, ರೇಟು ಹೇಳಿಬಿಡುತ್ತಾರೆ. ಈ ಪ್ರೊಫೆಸರ್‌ಗಳು ವರ್ಷಗಟ್ಟಲೆ ಲೆಕ್ಕ ಹಾಕಿ ಕಂಡುಹಿಡಿದದ್ದೇನು? ಮುಂದಿನ ವರ್ಷ ಬೆಲೆ ಏರುತ್ತೋ ಇಳಿಯುತ್ತೋ ಹೇಳೋಕಾಗದ ಓದು ಯಾರಿಗೆ ಬೇಕು?"

ನಿಮ್ಮ ಭಾವನವರ ಕಣ್ಣಳತೆ ಬಗ್ಗೆ ನನಗೆ ಅನುಮಾನವಿಲ್ಲ. ಒಂದು ಮನೆಯ ರೇಟು ಬೇಕಾದರೆ ನಾನೂ ಅಂಥವರನ್ನೇ ಕೇಳುತ್ತೇನೆ. ಆದರೆ ಅವರಿಗೆ ಇನ್ನೊಂದು ಪ್ರಶ್ನೆ ಹಾಕಿ ನೋಡಿ. ಹೋದ ವರ್ಷಕ್ಕಿಂತ ಈ ವರ್ಷ ಇಡೀ ಊರಿನಲ್ಲಿ ಬೆಲೆ ಎಷ್ಟು ಏರಿದೆ? ಸುಲಭದ ಪ್ರಶ್ನೆ ಅನ್ನಿಸುತ್ತೆ, ಅಲ್ವಾ? ಮುಗ್ಗರಿಸುವುದು ಇಲ್ಲೇ.

ಒಂದು ಬಡಾವಣೆ ತೆಗೆದುಕೊಳ್ಳಿ. ಸಣ್ಣ ಮನೆಗೆ 100, ದೊಡ್ಡ ಮನೆಗೆ 300 ಅಂತ ಇಟ್ಟುಕೊಳ್ಳೋಣ. ಹೋದ ವರ್ಷ ಎಂಟು ಸಣ್ಣವು, ಎರಡು ದೊಡ್ಡವು ಮಾರಾಟವಾದವು. ಸರಾಸರಿ 140. ಈ ವರ್ಷ ಎರಡು ಸಣ್ಣವು, ಎಂಟು ದೊಡ್ಡವು. ಸರಾಸರಿ 260. ಒಂದೇ ಒಂದು ಮನೆಯ ಬೆಲೆಯೂ ಕದಲಿಲ್ಲ. ಆದರೂ "ಬೆಲೆ ಗಗನಕ್ಕೆ" ಅಂತ ಯಾರಾದರೂ ತಲೆಬರಹ ಕೊಟ್ಟೇ ಕೊಡುತ್ತಾರೆ. (ನಾವೂ ಕೊಟ್ಟಿರಬಹುದು. ಹಳೆಯ ಸಂಚಿಕೆ ತೆಗೆದು ನೋಡುವ ಧೈರ್ಯ ನನಗಿಲ್ಲ.) ಚಿನ್ನವಾದರೆ ಒಂದು ಗ್ರಾಮಿಗೂ ಇನ್ನೊಂದು ಗ್ರಾಮಿಗೂ ವ್ಯತ್ಯಾಸವಿಲ್ಲ. ಮನೆ ಹಾಗಲ್ಲ. ಪಕ್ಕಪಕ್ಕದ ಎರಡು ಮನೆಗಳೂ ಒಂದೇ ಥರ ಇರುವುದಿಲ್ಲ.

ಇದಕ್ಕೆ 1963ರಲ್ಲಿ ಬೇಲಿ, ಮೂತ್, ನೌರ್ಸ್ ಎಂಬ ಮೂವರು ಸಂಶೋಧಕರು ಒಂದು ದಾರಿ ತೋರಿಸಿದರು. ಬೇರೆ ಬೇರೆ ಮನೆಗಳನ್ನು ಹೋಲಿಸುವುದೇ ಬೇಡ, ಎರಡು ಸಲ ಮಾರಾಟವಾದ ಮನೆಯನ್ನು ಅದರ ಜೊತೆಗೇ ಹೋಲಿಸೋಣ ಎಂದರು. 1980ರ ದಶಕದಲ್ಲಿ ಕಾರ್ಲ್ ಕೇಸ್ ಮತ್ತು ರಾಬರ್ಟ್ ಶಿಲ್ಲರ್ ಈ ಲೆಕ್ಕವನ್ನು ಇನ್ನಷ್ಟು ಪಳಗಿಸಿದರು. ಅಮೆರಿಕದಲ್ಲಿ ಮನೆ ಬೆಲೆಯ ಸೂಚ್ಯಂಕವೊಂದು ಇವತ್ತಿಗೂ ಅವರ ಹೆಸರಲ್ಲೇ ಇದೆ. ಇದರಲ್ಲೂ ತೂತುಗಳಿವೆ. ಎರಡು ಮಾರಾಟಗಳ ನಡುವೆ ಮಾಲೀಕರು ಮೇಲೊಂದು ಮಹಡಿ ಎಬ್ಬಿಸಿದ್ದರೆ? ತಲೆಮಾರುಗಳಿಂದ ಕೈ ಬದಲಾಗದ ಮನೆಗಳ ಗತಿ? ಈ ತೂತು ಮುಚ್ಚುವುದಕ್ಕೇ ಎಷ್ಟೋ ಜನ ವರ್ಷಗಳನ್ನು ಸವೆಸಿದ್ದಾರೆ. ನೀವು ಗೇಲಿ ಮಾಡಿದ "ವರ್ಷಗಟ್ಟಲೆ ಲೆಕ್ಕ" ಬಹುಪಾಲು ಇದೇ.

ಇನ್ನು ಮುಂದಿನ ವರ್ಷದ ಮಾತು. ಅದನ್ನು ಅವರು ಮುಟ್ಟಿಯೇ ಇಲ್ಲ ಅನ್ನುವುದು ತಪ್ಪು. ಅದೇ ಕೇಸ್, ಶಿಲ್ಲರ್ 1989ರಲ್ಲಿ ಅಟ್ಲಾಂಟಾ, ಶಿಕಾಗೊ, ಡಲ್ಲಾಸ್, ಸ್ಯಾನ್ ಫ್ರಾನ್ಸಿಸ್ಕೊ ನಗರಗಳ ಬೆಲೆ ಜಾಲಾಡಿದರು. ಹಣದುಬ್ಬರದ ಪಾಲು ತೆಗೆದ ಮೇಲೆ ಊರಿನ ಬೆಲೆ ಒಂದು ವರ್ಷ ಏರಿದರೆ, ಮರುವರ್ಷವೂ ಅದೇ ದಿಕ್ಕಿಗೆ ಹೋಗುವುದೇ ಜಾಸ್ತಿ. ಆ ಚಲನೆ ಮೊದಲಿನದರ ಕಾಲು ಭಾಗದಿಂದ ಅರ್ಧದಷ್ಟು. ಹಾಗಾದರೆ ದುಡ್ಡು ಮಾಡಬಹುದಲ್ಲ ಅನ್ನುತ್ತೀರಿ. ಕಷ್ಟ. ಊರಿನ ಬೆಲೆ ಹೀಗೆ ಮೆಲ್ಲಗೆ ಸಾಗಿದರೂ ಒಂದೊಂದು ಮನೆಯ ಬೆಲೆ ಬೇಕಾದ ಹಾಗೆ ಕುಣಿಯುತ್ತದೆ. ನೀವು ಊರನ್ನು ಕೊಳ್ಳುವುದಿಲ್ಲ, ಮನೆಯನ್ನು ಕೊಳ್ಳುತ್ತೀರಿ.

ಕಣ್ಣಳತೆಗೆ ಸಿಗದ್ದು ಲೆಕ್ಕಕ್ಕೆ ಹೇಗೆ ಸಿಗುತ್ತದೆ ಅನ್ನುವುದಕ್ಕೆ ನನಗೆ ಬಹಳ ಇಷ್ಟವಾದ ಉದಾಹರಣೆ ಇದು. ಒಳ್ಳೆಯ ಶಾಲೆ ಹತ್ತಿರವಿದ್ದರೆ ಬೆಲೆ ಜಾಸ್ತಿ. ಇದು ನಿಮ್ಮ ಭಾವನವರಿಗೂ ಗೊತ್ತು. ಆದರೆ ಅಂಥ ಕಡೆ ರಸ್ತೆಯೂ ಚೆನ್ನಾಗಿರುತ್ತದೆ, ಮರಗಳೂ ಇರುತ್ತವೆ, ಅಕ್ಕಪಕ್ಕದವರೂ ಅನುಕೂಲಸ್ಥರು. ಕೊಟ್ಟ ದುಡ್ಡಿನಲ್ಲಿ ಶಾಲೆಯ ಪಾಲೆಷ್ಟು? ಅರ್ಥಶಾಸ್ತ್ರಜ್ಞೆ ಸಾಂಡ್ರಾ ಬ್ಲ್ಯಾಕ್ ಅಮೆರಿಕದ ಬಾಸ್ಟನ್ ಸುತ್ತಲಿನ ಊರುಗಳಲ್ಲಿ ಶಾಲಾ ವ್ಯಾಪ್ತಿಯ ಗಡಿಗೆರೆ ಹಿಡಿದರು. ಗೆರೆಯ ಈಚೆ ಇರುವವರ ಮಕ್ಕಳು ಒಂದು ಶಾಲೆಗೆ, ಆಚೆಯವರ ಮಕ್ಕಳು ಇನ್ನೊಂದಕ್ಕೆ. ಗೆರೆಗೆ ಅಂಟಿದ ಹಾಗಿರುವ ಮನೆಗಳನ್ನಷ್ಟೇ ಹೋಲಿಸಿದರೆ ಮರ, ರಸ್ತೆ, ನೆರೆಹೊರೆ ಎಲ್ಲ ಹೆಚ್ಚುಕಡಿಮೆ ಒಂದೇ. ಉಳಿಯುವುದು ಶಾಲೆ. ಶಾಲೆಯ ಪರೀಕ್ಷೆಯ ಅಂಕ ಶೇ. 5ರಷ್ಟು ಹೆಚ್ಚಿದ್ದ ಕಡೆ ಮನೆಗೆ ಶೇ. 2.5ರಷ್ಟು ಹೆಚ್ಚು ಕೊಡಲು ಜನ ತಯಾರಿದ್ದರು. ಅವರ ಈ ಸಂಶೋಧನೆ ಪ್ರಕಟವಾದದ್ದು 1999ರಲ್ಲಿ. ಬೆಲೆ ಗಡಿಗೆರೆಯಲ್ಲಿ ಜಿಗಿಯುವುದನ್ನು ನೋಡುವ ಉಪಾಯ ಆಮೇಲೆ ಎಷ್ಟೋ ಸಂಶೋಧಕರ ಕೈಗೆ ಬಂತು.

ಭಾವನವರಿಗೆ ಬೇಸರವಾಗದಿದ್ದರೆ ಇನ್ನೊಂದು ಹೇಳಲೇ? ಸ್ಟೀವನ್ ಲೆವಿಟ್ ಮತ್ತು ಚಾಡ್ ಸೈವರ್ಸನ್ 2008ರಲ್ಲಿ ಪ್ರಕಟಿಸಿದ ಸಂಶೋಧನೆ. ಸುಮಾರು 1 ಲಕ್ಷ ಮನೆ ಮಾರಾಟದ ದಾಖಲೆ ನೋಡಿದರು. ಅದರಲ್ಲಿ 3,300ರಷ್ಟು ಏಜೆಂಟರ ಸ್ವಂತ ಮನೆಗಳು. ಮನೆಯ ಗುಣಲಕ್ಷಣಗಳನ್ನೆಲ್ಲ ಸರಿದೂಗಿಸಿದ ಮೇಲೂ ಏಜೆಂಟರು ಗಿರಾಕಿಗಳ ಮನೆಗಿಂತ ತಮ್ಮ ಮನೆಯನ್ನು ಸುಮಾರು 9.5 ದಿನ ಜಾಸ್ತಿ ಹಿಡಿದಿಟ್ಟು, ಶೇ. 3.7ರಷ್ಟು ಹೆಚ್ಚು ಬೆಲೆಗೆ ಮಾರಿದ್ದರು. ಕಳ್ಳತನ ಅಂತ ನಾನು ಹೇಳುತ್ತಿಲ್ಲ. ಏಜೆಂಟರ ಕೈಗೆ ಬರುವುದು ಬೆಲೆಯ ಶೇ. 1.5 ಅಂತಿಟ್ಟುಕೊಳ್ಳಿ. ಹತ್ತು ದಿನ ಕಾದು 10,000 ಡಾಲರ್ ಹೆಚ್ಚು ತಂದರೆ ಅವರಿಗೆ ಸಿಗುವುದು 150. ಅಷ್ಟಕ್ಕೆ ಯಾರು ಸುಮ್ನೆ ಕಾಯುತ್ತಾರೆ? ತಮ್ಮದೇ ಮನೆಯಾದರೆ ಹೆಚ್ಚಿನ ಹತ್ತು ಸಾವಿರವೂ ಅವರದೇ. ಮೂವತ್ತು ವರ್ಷದ ಅನುಭವವಿದ್ದರೂ ತನ್ನ ಬಗ್ಗೆಯೇ ಇಂಥದ್ದು ಗೊತ್ತಾಗುವುದಿಲ್ಲ. ಸಂಪಾದಕನಿಗೂ ಅಷ್ಟೆ.

ಅಂದ ಹಾಗೆ, ಆಮ್‌ಸ್ಟರ್‌ಡ್ಯಾಮಿನ ಹೇರನ್‌ಗ್ರಾಖ್ಟ್ ಕಾಲುವೆ ದಂಡೆಯ ಮನೆಗಳ ಮಾರಾಟ ದಾಖಲೆ ಹಿಡಿದು ಪೀಟ್ ಐಖ್‌ಹೋಲ್ಟ್ಸ್ 1628ರಿಂದ 1973ರವರೆಗಿನ ಸೂಚ್ಯಂಕ ಕಟ್ಟಿದ್ದಾರೆ. ಅದೂ ಒಂದೇ ಮನೆಯ ಮರುಮಾರಾಟಗಳ ಲೆಕ್ಕವೇ. ಯಾರೋ ಬರೆದಿಟ್ಟಿದ್ದರಿಂದ ಆಯಿತು. ನಿಮ್ಮ ಭಾವನವರ ಹತ್ತಿರ ಮೂವತ್ತು ವರ್ಷದ ಡೈರಿಗಳಿರಬೇಕಲ್ಲ? ಯಾವ ಮನೆ, ಯಾವ ತಾರೀಖು, ಎಷ್ಟಕ್ಕೆ, ಅದೇ ಮನೆ ಮತ್ತೆ ಯಾವಾಗ ಕೈ ಬದಲಾಯಿತು ಎಂದೆಲ್ಲ ಇದ್ದರೆ, ದಯವಿಟ್ಟು ಅವನ್ನು ರದ್ದಿಗೆ ಹಾಕಬೇಡಿ ಅಂತ ಹೇಳಿ.

— ಸಂಪಾದಕ