ಕಾಲುರಿ ಹೇಳುತ್ತೀರಿ, ಅಳು ಬರುವುದನ್ನೂ ಹೇಳಿ

*ನನಗೆ 54 ವರ್ಷ. 12 ವರ್ಷದಿಂದ ಶುಗರ್ ಇದೆ. ರಾತ್ರಿಯೆಲ್ಲ ಪಾದ ಉರಿ, ನಿದ್ದೆ ಇಲ್ಲ. ಮೂರು ತಿಂಗಳಿಂದ ಯಾವುದರಲ್ಲೂ ಮನಸ್ಸಿಲ್ಲ, ಸುಮ್ನೆ ಅಳು ಬರುತ್ತದೆ. ಈಗ ಡಾಕ್ಟರು ಇನ್ಸುಲಿನ್ ಶುರು ಮಾಡೋಣ ಅಂದಿದ್ದಾರೆ. ರಿಪೋರ್ಟ್ ಬಂದಾಗಲೆಲ್ಲ ಮಗ ರೇಗುತ್ತಾನೆ. ಮನಸ್ಸಿನ ವಿಷಯ ಡಾಕ್ಟರಿಗೆ ಹೇಳಿದರೆ ಹುಚ್ಚು ಅಂದುಕೊಳ್ಳುತ್ತಾರಾ? ಒಮ್ಮೊಮ್ಮೆ ಮಲಗಿದವಳು ಏಳದಿದ್ದರೆ ಸಾಕು ಅನ್ನಿಸುತ್ತದೆ.*
*– ಹೆಸರು ಬೇಡ, ದಾವಣಗೆರೆ*

ಅಕ್ಕಾ, ನಿಮ್ಮ ಕೊನೆಯ ಸಾಲಿನಿಂದಲೇ ಶುರು ಮಾಡುತ್ತೇನೆ. ಅದನ್ನು ಮನೆಯಲ್ಲಿ ಒಬ್ಬರಿಗಾದರೂ ಇವತ್ತೇ ಹೇಳಿ. ಏನಾದರೂ ಮಾಡಿಕೊಳ್ಳಬೇಕು ಅನ್ನಿಸಿದರೆ ಒಬ್ಬರೇ ಇರಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಿ. ಮಾತಾಡಬೇಕು ಅನ್ನಿಸಿದಾಗ 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ. ನಡುರಾತ್ರಿಯಲ್ಲೂ ಸಿಗುತ್ತಾರೆ, ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಾಗಿಲ್ಲ.

ಇದು ಹುಚ್ಚಲ್ಲ. ಶುಗರ್ ಇರುವವರಲ್ಲಿ ಖಿನ್ನತೆ ಬೇರೆಯವರಿಗಿಂತ 2ರಿಂದ 3 ಪಟ್ಟು ಜಾಸ್ತಿ. ಡಾಕ್ಟರಿಗೆ ಇದು ಹೊಸ ವಿಷಯವೇನಲ್ಲ. ಆದರೆ ನೀವು ಹೇಳದೆ ಅವರಿಗೆ ಗೊತ್ತಾಗುವುದಿಲ್ಲ.

ನಿಮ್ಮ ಪತ್ರದಲ್ಲಿ ನನಗೆ ಎದ್ದು ಕಂಡಿದ್ದು ಪಾದದ ಉರಿ. ಶುಗರ್‌ನಿಂದ ನರಗಳಿಗೆ ಪೆಟ್ಟು ಬಿದ್ದರೆ ಹೀಗಾಗುತ್ತದೆ. ಅದು ರಾತ್ರಿ ಜಾಸ್ತಿ. ಶುಗರ್ ಏರಿದಾಗ ಮೂತ್ರಕ್ಕೆ ಏಳುವುದು ಬೇರೆ. ತಿಂಗಳುಗಟ್ಟಲೆ ನಿದ್ದೆಗೆಟ್ಟರೆ ಯಾರ ಮನಸ್ಸು ತಾನೇ ನೆಟ್ಟಗಿರುತ್ತದೆ? ಮನಸ್ಸು ಕುಗ್ಗಿದಾಗ ವಾಕಿಂಗ್ ನಿಲ್ಲುತ್ತದೆ, ಮಾತ್ರೆ ಮರೆಯುತ್ತದೆ, ಶುಗರ್ ಇನ್ನೂ ಏರುತ್ತದೆ. ಒಂದು ಇನ್ನೊಂದನ್ನು ಎಳೆಯುತ್ತಾ ಹೋಗುತ್ತದೆ. ಕಾಲುರಿ, ಖಿನ್ನತೆ ಎರಡಕ್ಕೂ ಆಗಿಬರುವ ಔಷಧಿಯೂ ಇದೆ. ನಿಮಗೆ ಹೊಂದುತ್ತದಾ ಅಂತ ಡಾಕ್ಟರನ್ನು ಕೇಳಿ.

ಬಿ12 ವಿಟಮಿನ್ ಮತ್ತು ಥೈರಾಯ್ಡ್ ಟೆಸ್ಟ್ ಬಗ್ಗೆಯೂ ಕೇಳಿ. ಮೆಟ್‌ಫಾರ್ಮಿನ್ ಅನ್ನುವ ಶುಗರ್ ಮಾತ್ರೆಯನ್ನು ವರ್ಷಾನುಗಟ್ಟಲೆ ತೆಗೆದುಕೊಂಡವರಲ್ಲಿ ಬಿ12 ಕಡಿಮೆಯಾಗಬಹುದು. ಆಗಲೂ ಕಾಲು ಜೋಮು ಹಿಡಿಯುತ್ತದೆ, ಸುಸ್ತು, ಬೇಜಾರು ಬರುತ್ತದೆ. ಹಾಗಂತ ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ.

ಇನ್ನು ಇನ್ಸುಲಿನ್. "ಕೊನೆಗೆ ಇಂಜೆಕ್ಷನ್‌ಗೇ ಬಂತಾ" ಅಂತ ನೆಂಟರು ಅನ್ನುತ್ತಾರೆ, ಅಲ್ವಾ? ನೀವು ಪಥ್ಯದಲ್ಲಿ ಸೋತಿರಿ ಅಂತ ಅದರ ಅರ್ಥವಲ್ಲ. ವರ್ಷ ಕಳೆದಂತೆ ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ತಯಾರಾಗುವುದೇ ಕಡಿಮೆಯಾಗುತ್ತದೆ. ಕಡಿಮೆ ಬಿದ್ದಿದ್ದನ್ನು ಹೊರಗಿನಿಂದ ಕೊಡುತ್ತಾರೆ, ಅಷ್ಟೇ.

ಮಗ ರೇಗುವುದು ಹೆದರಿಕೆಗೆ ಇರಬಹುದು. ಆದರೂ ಪ್ರತಿ ರಿಪೋರ್ಟೂ ಪರೀಕ್ಷೆಯ ಮಾರ್ಕ್ಸ್ ಕಾರ್ಡ್ ಆದರೆ ಮನಸ್ಸು ಕುಗ್ಗದೆ ಇನ್ನೇನಾಗುತ್ತದೆ? ಮುಂದಿನ ಸಲ ಡಾಕ್ಟರ ಹತ್ತಿರ ಹೋಗುವಾಗ ಅವನನ್ನೂ ಕರೆದುಕೊಂಡು ಹೋಗಿ. ಹೇಳಲು ಬಾಯಿ ಬರದಿದ್ದರೆ, ನನಗೆ ಬರೆದ ಈ ಪತ್ರವನ್ನೇ ಡಾಕ್ಟರ ಕೈಗೆ ಕೊಡಿ. ಮಗನೂ ಓದಲಿ. ಕೊನೆಯ ಸಾಲನ್ನು ಹೊಡೆದು ಹಾಕಬೇಡಿ.